ಬಾಗಿಲೊಳಗಿನ ಮೊದಲ ಟೈಲ್ಸು

ಟೈಲ್ಸ್ ಹಾಕುವವನು ತಾನು ಹಾಕಿದ ನೆಲದ ಮೇಲೆ ನಡೆಯುವುದಿಲ್ಲ. ಹಾಗಂತ ಯಾರೂ ಕಾನೂನು ಮಾಡಿಲ್ಲ, ಕೆಲಸವೇ ಹಾಗೆ. ಒಳಗಿನ ಗೋಡೆಯಿಂದ ಶುರುಮಾಡಿ, ಮಂಡಿಯ ಮೇಲೆ ಹಿಂದಕ್ಕೆ ಸರಿಯುತ್ತಾ ಸರಿಯುತ್ತಾ ಬಂದು, ಕಟ್ಟಕಡೆಯ ಟೈಲ್ಸನ್ನು ಮುಂಬಾಗಿಲ ಬಳಿ ಕೂರಿಸಿ, ಅಲ್ಲಿಂದ ಆಚೆ ಬೀಳಬೇಕು. ಸಂದು ತುಂಬಲು ಬಂದಾಗಲೂ ಅಷ್ಟೇ. ಮಂಡಿಯ ಮೇಲೆ ಬಂದು, ತನ್ನ ಗುರುತನ್ನು ತಾನೇ ಒದ್ದೆ ಬಟ್ಟೆಯಲ್ಲಿ ಒರೆಸಿಕೊಂಡು, ಹಿಂದೆ ಹಿಂದೆಯೇ ಹೊರಟುಬಿಡುವುದು. ಅವನಿಗೆ ಕೊನೆಯದಾದ ಆ ಟೈಲ್ಸು ಒಳಗೆ ಬರುವವರಿಗೆಲ್ಲ ಮೊದಲನೆಯದು. ಅದರ ಮೇಲೆ ಕಾಲಿಟ್ಟು ಬರುವವರು ಬೇರೆ, ಬಿಡಿ.

ಅವನನ್ನು ಕೆಲಸದವರೆಲ್ಲ ರಸಮಟ್ಟ ಅಂತಲೇ ಕರೆಯುತ್ತಿದ್ದರು. ನೆಲ ಸಮವಾಗಿದೆಯೋ ಇಲ್ಲವೋ ಎಂದು ಹೇಳುವ, ಹೊಟ್ಟೆಯೊಳಗೆ ಗುಳ್ಳೆ ಓಡಾಡುವ ಆ ಪಟ್ಟಿಯನ್ನು ಅವನು ಟೈಲ್ಸಿನ ಮೇಲೆ ಇಟ್ಟು ಸುಮ್ಮನಾಗುತ್ತಿರಲಿಲ್ಲ. ಊಟದ ಹೋಟೆಲಿನ ಮೇಜಿನ ಮೇಲೂ ಇಟ್ಟು ನೋಡಿ, "ಈ ಕಡೆ ಕೂರಬೇಡಿ, ಸಾರು ನಿಮ್ಮ ಮಡಿಲಿಗೇ ಬರುತ್ತೆ" ಅನ್ನುತ್ತಿದ್ದ. "ಲೋ, ನಾಳೆ ಹೆಣ್ಣು ನೋಡೋಕೆ ಹೋದಾಗ ಅವಳ ತಲೆ ಮೇಲೂ ಇಟ್ಟು ನೋಡ್ತೀಯೇನೋ" ಅಂತ ಮೇಸ್ತ್ರಿ ಕಿಚಾಯಿಸಿದರೆ, "ನಿಮ್ಮ ತಲೆ ಮೇಲೆ ಇಟ್ಟು ನೋಡಿದೆ, ಗುಳ್ಳೆ ನಿಲ್ಲಲೇ ಇಲ್ಲ" ಅನ್ನುವ ಬಾಯಿ ಅವನದು.

ಬಾಯಿ ಮಾತ್ರವಲ್ಲ, ಕೋಪವೂ ಮೂಗಿನ ತುದಿಯಲ್ಲೇ. ಅದಕ್ಕೆ ಕಾರಣ ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ, ಕೆಲಸಕ್ಕೆ ಹೋದ ಮನೆಗಳೇ ಕೊಟ್ಟು ಕಳಿಸುತ್ತಿದ್ದವು. ಒಂದು ಮನೆಯಲ್ಲಿ ಕುಡಿಯೋಕೆ ನೀರು ಕೇಳಿದರೆ ಗಿಡಕ್ಕೆ ಬಿಡುವ ಪೈಪು ತೋರಿಸಿದರು. ಇನ್ನೊಂದು ಮನೆಯಲ್ಲಿ ಇವನೇ ಟೈಲ್ಸ್ ಕೂರಿಸಿದ ಬಾತ್‌ರೂಮಿಗೆ ಇವನು ಹೋಗುವ ಹಾಗಿರಲಿಲ್ಲ, ಎದುರಿಗೆ ಖಾಲಿ ಜಾಗ ಇದೆಯಲ್ಲ ಅಂದರು. ಮತ್ತೊಂದು ಕಡೆ, ಇವನು ಹೋದ ಕೂಡಲೇ ಮನೆಯ ಯಜಮಾನ ಕುರ್ಚಿ ಎಳೆದುಕೊಂಡು ಎದುರಿಗೇ ಕೂರುತ್ತಿದ್ದ. ಕೆಲಸ ನೋಡೋಕಾಗಿದ್ದರೆ ಬೇಜಾರಿರಲಿಲ್ಲ. ಆ ಮನುಷ್ಯ ನೋಡುತ್ತಿದ್ದದ್ದು ಇವನ ಜೇಬನ್ನು. ಇಷ್ಟೆಲ್ಲ ಆದಮೇಲೂ ಅವರ ಮನೆ ನೆಲ ಕನ್ನಡಿಯ ಹಾಗೆ ಮಾಡಿಕೊಟ್ಟು ಬರಬೇಕು, ಹೋಗುವಾಗ "ಬರ್ತೀನಿ ಸಾರ್" ಅಂತಲೂ ಅನ್ನಬೇಕು. ಎಲ್ಲಿಗೆ ಬರ್ತಾನೆ? ಯಾರು ಕರೀತಾರೆ?

ಅವನ ಮನೆಯಲ್ಲಿ ಅವನು, ಅವನಮ್ಮ, ಅಷ್ಟೇ. ಒಂದು ಕೋಣೆ, ಒಂದು ಅಡುಗೆಕಟ್ಟೆ, ಸಿಮೆಂಟು ಕಿತ್ತು ಹಳ್ಳಬಿದ್ದ ನೆಲ. ಆ ಹಳ್ಳಗಳಲ್ಲಿ ಕಾಲು ಸಿಕ್ಕಿಸಿಕೊಂಡೇ ಅಮ್ಮನ ಮಂಡಿ ಕೆಟ್ಟಿದ್ದು. ಬಾಡಿಗೆ ಮನೆ, ಒಂದು ಮೊಳೆ ಹೊಡೆದರೂ ಮಾಲೀಕ ಕುಣಿದಾಡುತ್ತಿದ್ದ. ಊರಿಗೆಲ್ಲ ನೆಲ ಹಾಕುವ ಮಗನ ಮನೆಯಲ್ಲಿ ಅಮ್ಮ ಗೋಡೆ ಹಿಡಿದು ನಡೆಯುತ್ತಿದ್ದಳು.

ಸಂಜೆ ಅವನು ಬಂದು ಕೈಕಾಲು ತೊಳೆಯುವಾಗ ಅವಳದು ಒಂದೇ ಪ್ರಶ್ನೆ.

"ಇವತ್ತು ಯಾವ ಬಣ್ಣದ್ದು?"

"ಹೊಗೆ ಬಣ್ಣ. ಮಧ್ಯೆ ಮಧ್ಯೆ ಬಿಳಿ ಎಳೆ."

"ಎಳೆ ಒಂದಕ್ಕೊಂದು ಸೇರುತ್ತಾ?"

"ಸೇರಿಸಿದರೆ ಸೇರುತ್ತೆ. ನಾನು ಸೇರಿಸ್ತೀನಿ."

"ನೋಡ್ಬೇಕು ಕಣೋ ಒಂದ್ಸಲ. ನೀನು ಹೇಳೋದು ಕೇಳೀ ಕೇಳೀ ನನ್ನ ಕಿವಿಯೊಳಗೆ ಊರು ತುಂಬ ಮನೆಗಳಿವೆ, ಕಾಲಿಗೆ ಒಂದೂ ಇಲ್ಲ."

ಫೋನಿನಲ್ಲಿ ಫೋಟೋ ತೋರಿಸಿದ್ದ. ಅವಳು ಪರದೆಯ ಮೇಲೆ ಬೆರಳಾಡಿಸಿ, "ನುಣ್ಣಗಿದೆ" ಅಂದಿದ್ದಳು. ಅದು ಗಾಜು ಕಣಮ್ಮಾ ಅಂತ ಹೇಳೋಕೆ ಅವನಿಗೆ ಬಾಯಿ ಬರಲಿಲ್ಲ. ಒಮ್ಮೆ ಕೆಲಸ ನಡೆಯುವ ಮನೆಗೇ ಕರೆದುಕೊಂಡು ಹೋಗಲು ನೋಡಿದ್ದ. ಅಲ್ಲಿಯ ಯಜಮಾನಿ ಗೇಟಿನಲ್ಲೇ, "ಮನೆಯವರನ್ನೆಲ್ಲ ಕರ್ಕೊಂಡು ಬರಬೇಡಪ್ಪ" ಅಂದಿದ್ದಳು. ಅಮ್ಮ ಬಸ್ ಸ್ಟಾಪಿನಲ್ಲಿ ಕೂತು ವಾಪಸ್ ಬಂದಿದ್ದಳು. ಈಗ ಅವಳು, ಮದುವೆಯಾಗಿ ಹೋಗಿದ್ದ ಅವನ ಅಕ್ಕನ ಹೆರಿಗೆಗೆ ದೂರದ ಊರಿಗೆ ಹೊರಟಿದ್ದಳು. ಹೋದರೆ ಮಗು ನಡೆಯುವವರೆಗೂ ಅಲ್ಲೇ. ಬರುವಾಗ ಮಂಡಿ ಯಾವ ಸ್ಥಿತಿಯಲ್ಲಿರುತ್ತದೋ ಯಾರು ಬಲ್ಲರು. ಅಷ್ಟರೊಳಗೆ ಒಂದೇ ಒಂದು ಸಲ, ಅವನು ಹಾಕಿದ ನೆಲದ ಮೇಲೆ ಅಮ್ಮ ನಡೆಯಬೇಕು. ಅವನ ತಲೆಯಲ್ಲಿ ಇನ್ನೇನೂ ಇರಲಿಲ್ಲ.

ಹೀಗಿರುವಾಗ ಸಿಕ್ಕಿದ್ದು ಆ ಮೂಲೆಮನೆ.

ಆ ಮನೆಯಮ್ಮ ಬೇರೆಯವರ ಹಾಗಲ್ಲ. ಕೆಳಗಿನ ನೆಲ ಕೀಳಿಸಿ ತಾವು ಮಹಡಿಯ ಮೇಲೆ ಸಾಮಾನು ಸರಂಜಾಮಿನ ನಡುವೆ ಇಕ್ಕಟ್ಟಾಗಿ ಬದುಕುತ್ತಿದ್ದರೂ, ಹೊರಗಿನ ಮೆಟ್ಟಿಲಿಳಿದು ಬಂದು ತಾವೇ ಟೀ ಕೊಡುತ್ತಿದ್ದರು. ಅದೂ ಪ್ಲಾಸ್ಟಿಕ್ ಲೋಟದಲ್ಲಲ್ಲ, ನೀಲಿ ಹೂವಿನ ಕಪ್ಪಿನಲ್ಲಿ, ತಾವು ಕುಡಿಯುವಂಥದ್ದೇ ಕಪ್ಪಿನಲ್ಲಿ. "ಊಟ ಆಯ್ತೇನಪ್ಪಾ?" ಅಂತ ಕೇಳಿ, ಉತ್ತರ ಬರುವವರೆಗೂ ನಿಲ್ಲುತ್ತಿದ್ದರು. ಮೊದಲ ದಿನ ಕಪ್ಪನ್ನು ಎಲ್ಲಿ ಇಡಬೇಕೋ ತಿಳಿಯದೆ ಅವನು ತೊಳೆದು ಗೋಡೆ ಮೂಲೆಯಲ್ಲಿ ಬೋರಲು ಹಾಕಿದ್ದ. "ಯಾಕಪ್ಪಾ ತೊಳೆದೆ? ನಮ್ಮನೇಲಿ ನೀರಿಲ್ವಾ?" ಅಂತ ನಕ್ಕಿದ್ದರು. ಅವತ್ತಿನಿಂದ ಅವನು ಆ ಮನೆಯಲ್ಲಿ ನಿರಾಳವಾಗಿ ಉಸಿರಾಡಿಕೊಂಡು ಕೆಲಸ ಮಾಡಿದ. ಅಲ್ಲಿಯ ಟೈಲ್ಸಿನ ಬಿಳಿ ಎಳೆಗಳನ್ನು ಅಡುಗೆಮನೆಯಿಂದ ನಡುಮನೆಯವರೆಗೆ, ಒಂದು ಹೊಳೆ ಹರಿದ ಹಾಗೆ, ಎಲ್ಲೂ ತುಂಡಾಗದಂತೆ ಸೇರಿಸುತ್ತಾ ಬಂದ. ಅಷ್ಟು ಯಾರೂ ಕೇಳಿರಲಿಲ್ಲ.

ಕೊನೆಯ ದಿನ, ಬಾಗಿಲ ಬಳಿಯ ಕೊನೆಯ ಟೈಲ್ಸಿಗೆ ಅಂಟು ಸಿಮೆಂಟು ಬಳಿಯುತ್ತಿದ್ದಾಗ ಮನೆಯಮ್ಮ ಜಗಲಿಯಲ್ಲಿ ಅವನ ಹಿಂದೆ ಬಂದು ನಿಂತರು.

"ಎಷ್ಟು ಚೆನ್ನಾಗಿದೆಯಪ್ಪಾ! ಮನೇಲಿ ಯಾರ್ಯಾರಿದ್ದೀರಿ?"

"ಅಮ್ಮ ಇದ್ದಾರೆ."

"ನಿನ್ನ ಕೆಲಸ ನೋಡಿದ್ದಾರಾ ಅವರು?"

"ಇಲ್ಲಮ್ಮ."

"ಅಯ್ಯೋ! ಮನೆ ಒಂದು ಹದಕ್ಕೆ ಬರಲಿ, ಕರ್ಕೊಂಡು ಬಾ. ಬಂದು ಕೂತು, ಟೀ ಕುಡಿದು ಹೋಗ್ಲಿ. ಖಂಡಿತ ಬರಬೇಕು."

ಅವನ ಕೈಯೊಳಗಿನ ಕರಣೆ ಗಾಳಿಯಲ್ಲೇ ನಿಂತಿತು. ಆಮೇಲೆ ಅವನು ಆ ಟೈಲ್ಸನ್ನು ಹೇಗೆ ಕೂರಿಸಿದನೋ, ಸುತ್ತಿಗೆಯಲ್ಲಿ ಎಲ್ಲೆಲ್ಲಿ ತಟ್ಟಿದನೋ, ಅವನಿಗೇ ನೆನಪಿಲ್ಲ.

"ಅದು ಬಾಯಿಮಾತು ಕಣೋ ಪೆದ್ದ," ಅಂತ ಮೇಸ್ತ್ರಿ ಹೊಟ್ಟೆ ಹಿಡಿದು ನಕ್ಕ. "ನನಗೂ ಎಷ್ಟೋ ಜನ ಅಂದಿದ್ದಾರೆ. ಎಲ್ಲರ ಮನೆಗೂ ಹೋಗಿದ್ದರೆ ಇಷ್ಟು ಹೊತ್ತಿಗೆ ತಿಂದು ತಿಂದು ಬಾಗಿಲಲ್ಲಿ ಹಿಡಿಸ್ತಾ ಇರಲಿಲ್ಲ ನಾನು. ಹೋಗಿಬಿಟ್ಟೀಯ ಮತ್ತೆ!"

"ಅವರು ಹಾಗಲ್ಲ."

"ಹಾಗಲ್ಲ ಅಂತಾನೇ ಹೇಳ್ತಿರೋದು. ಒಳ್ಳೆಯವರು ಹೇಳೋದು ಜಾಸ್ತಿ."

ಅಮ್ಮ ಹೊರಡುವುದಕ್ಕೆ ಇನ್ನೇನು ಕೆಲವೇ ದಿನ ಅನ್ನುವಾಗ ಒಂದು ಭಾನುವಾರ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ. ಅಮ್ಮ ಟ್ರಂಕಿನ ತಳದಲ್ಲಿದ್ದ ಒಳ್ಳೆ ಬಟ್ಟೆ ಉಟ್ಟಳು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡಳು, ಹಿಮ್ಮಡಿಯನ್ನು ಕಲ್ಲಿಂದ ಉಜ್ಜಿ ಉಜ್ಜಿ ತೊಳೆದಳು. "ಅವರ ನೆಲಕ್ಕೆ ಗೀರು ಬೀಳಬಾರದು" ಅಂದಳು. ಬರಿಗೈಲಿ ಹೋಗಬಾರದು ಅಂತ ದಾರಿಯಲ್ಲಿ ಸ್ಕೂಟರ್ ನಿಲ್ಲಿಸಿ ಹಣ್ಣು ಕೊಂಡಳು. ಒಂದೊಂದನ್ನೂ ಮೂಸಿ ಮೂಸಿ ಆರಿಸುವುದರೊಳಗೆ ಅಂಗಡಿಯವನಿಗೆ ಸಾಕುಸಾಕಾಗಿ, "ಅಜ್ಜಿ, ಹಣ್ಣು ಕೊಳ್ತಾ ಇದ್ದೀರೋ, ಮದುವೆ ಸಂಬಂಧ ನೋಡ್ತಾ ಇದ್ದೀರೋ?" ಅಂದ.

ಸ್ಕೂಟರಿನ ಮುಂದೆ ಸದಾ ಇರುತ್ತಿದ್ದ ಸಾಮಾನಿನ ಚೀಲ ಅವತ್ತು ಇರಲಿಲ್ಲ. ಅಮ್ಮ ಅದನ್ನು ಗಮನಿಸಿದಳು.

ಕರೆಗಂಟೆ ಒತ್ತಿದ. ಮನೆಯಮ್ಮ ಕಿವಿಗೆ ಫೋನ್ ಹಿಡಿದುಕೊಂಡೇ ಬಾಗಿಲು ತೆರೆದರು. ಅವನನ್ನು ನೋಡಿದರು. ಅವನು ನಕ್ಕ. ಅವರು ನಗಲಿಲ್ಲ.

"ಯಾರು ಬೇಕಿತ್ತು?"

ಅವನಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಅಷ್ಟು ದಿನ ಅವರು ನೋಡಿದ್ದು ಹುಬ್ಬಿನವರೆಗೂ ಬಿಳಿ ಧೂಳು ಮೆತ್ತಿದ, ತಲೆಗೆ ಬಟ್ಟೆ ಸುತ್ತಿದ, ನೆಲದಿಂದ ಮೇಲೆ ಮುಖ ಎತ್ತುವ ಒಬ್ಬನನ್ನು. ತೊಳೆದ ಮುಖದವನು, ನಿಂತವನು, ಅವರಿಗೆ ಗೊತ್ತೇ ಇರಲಿಲ್ಲ.

"ನಾನಮ್ಮ. ಟೈಲ್ಸಿನವನು."

"ಓ! ನೀನಾ!" ಮುಖ ಅರಳಿತು. ಸುಳ್ಳಲ್ಲ, ನಿಜವಾಗಿ ಅರಳಿತು. "ಬಂದಿದ್ದು ಎಷ್ಟು ಒಳ್ಳೇದಾಯ್ತಪ್ಪಾ. ನಾನೇ ಫೋನ್ ಮಾಡ್ಬೇಕು ಅಂತಿದ್ದೆ. ನೋಡು, ಈ ಬಾಗಿಲ ಹತ್ತಿರದ್ದು ಟೊಳ್ಳು ಟೊಳ್ಳು ಅನ್ನುತ್ತೆ. ಕಾಲಿಟ್ಟಾಗೆಲ್ಲ ಮೈ ಜುಮ್ಮೆನ್ನುತ್ತೆ." ಕಣ್ಣು ಅಮ್ಮನ ಕಡೆ ಹೋಯಿತು. "ಇವರನ್ನ ಸಹಾಯಕ್ಕೆ ಕರ್ಕೊಂಡು ಬಂದ್ಯಾ?"

ಅವನ ಬಾಯಿಗೆ ಮಾತು ಬಂತು. ಬಂದ ಮಾತು ಒಂದಲ್ಲ, ಗುಂಪು. ನೀಲಿ ಹೂವಿನ ಕಪ್ಪು, ಟೀ, ಖಂಡಿತ ಬರಬೇಕು, ಕೂತು ಹೋಗಬೇಕು, ಎಲ್ಲಾ ಒಟ್ಟಿಗೆ ಗಂಟಲಿಗೆ ನುಗ್ಗಿ ಸಿಕ್ಕಿಹಾಕಿಕೊಂಡವು. ಅಷ್ಟರಲ್ಲಿ ಅಮ್ಮ, "ಹೂಂ ಅಮ್ಮಾ, ನೀರು ಗೀರು ತಂದುಕೊಡೋಕೆ ಅಂತ ಬಂದೆ" ಅಂದುಬಿಟ್ಟಳು.

"ಒಳ್ಳೇದಾಯ್ತು. ಅಡುಗೆಮನೆ ನಲ್ಲಿಯಿಂದ ತಗೊಳ್ಳಿ. ಮಿಕ್ಕ ಟೈಲ್ಸು ನೀನು ಇಟ್ಟ ಕಡೆನೇ ಇದೆ, ಮೆಟ್ಟಿಲ ಕೆಳಗೆ. ಒಂದು ಫೋನಿದೆ, ಮಾತಾಡಿ ಬಂದೆ." ಅವರು ಒಳಕೋಣೆಗೆ ಹೋದರು.

ರಸಮಟ್ಟ ಅಮ್ಮನ ಕಡೆ ತಿರುಗಿದ. ಕಣ್ಣು ಕೆಂಪಾಗಿತ್ತು.

"ಯಾಕಮ್ಮ ಹಾಗಂದೆ? ನಡಿ. ಹೋಗೋಣ ನಡಿ."

"ಮೆಲ್ಲಗೆ ಮಾತಾಡು."

"ಅವರೇ ಕರೆದಿದ್ದು! ನಾನೇನು ಕನಸು ಕಂಡಿದ್ನಾ?"

"ಕರೆದಿದ್ದು ಮರೆತಿದ್ದಾರೆ ಕಣೋ. ಅವರ ಮನೆ ಬಾಗಿಲಲ್ಲೇ ನಿಂತು ಅವರು ತಲೆ ತಗ್ಗಿಸೋ ಹಾಗೆ ಮಾಡೋಕಾಗುತ್ತಾ? ಮೊದಲು ಅದೇನು ನೋಡು."

ಅವನು ಬಗ್ಗಿ, ಬೆರಳಗಂಟಿನಿಂದ ಟೈಲ್ಸನ್ನು ತಟ್ಟಿದ. ನಡುವೆ ಗಟ್ಟಿ. ಈ ಅಂಚು ಗಟ್ಟಿ. ಒಳಮೂಲೆಗೆ ಬಂದಾಗ ಸದ್ದು ಖಾಲಿ ಡಬ್ಬದ ಹಾಗೆ ಬದಲಾಯಿತು. ಅಂಟು ಮೂಲೆಯವರೆಗೆ ತಲುಪಿರಲಿಲ್ಲ. ಅವನ ಕೈಯಲ್ಲಿ ಇಂಥ ತಪ್ಪು ಆದದ್ದೇ ಇಲ್ಲ. ಅದು ಯಾವಾಗ ಆಯಿತು ಅಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಖಂಡಿತ ಬರಬೇಕು ಅಂದರಲ್ಲ, ಆಗ. ಅಷ್ಟು ಖುಷಿಯಾಗಿತ್ತು ಅವನಿಗೆ. ತೂ, ಅಂದುಕೊಂಡ. ಬೈದದ್ದು ಅವರನ್ನೋ ತನ್ನನ್ನೋ, ಆ ಹೊತ್ತಿಗೆ ವ್ಯತ್ಯಾಸವೇನೂ ಇರಲಿಲ್ಲ.

"ತಪ್ಪು ನಂದೇ ಅಮ್ಮ."

"ಹಾಗಿದ್ರೆ ಸರಿಮಾಡು."

ಶರ್ಟಿನ ತೋಳು ಮಡಚಿದ. ಮೆಟ್ಟಿಲ ಕೆಳಗಿಂದ ಟೈಲ್ಸು ತಂದ, ಬಾಯಿ ಕಟ್ಟಿಟ್ಟು ಹೋಗಿದ್ದ ಅಂಟು ಸಿಮೆಂಟಿನ ಚೀಲ ತಂದ, ಅಲ್ಲೇ ಬಿದ್ದಿದ್ದ ಮನೆಯವರ ಹಳೇ ಉಳಿ, ಸುತ್ತಿಗೆ, ಬಕೆಟ್ಟು ತಂದ. ಸಂದನ್ನು ಬಿಡಿಸಿ, ಮೂಲೆಯಿಂದ ಮೀಟಿ, ಟೈಲ್ಸನ್ನು ಎಬ್ಬಿಸಿದ. ಎಬ್ಬಿಸುವಾಗ ಮೂಲೆ ಮುರಿಯಿತು. ಬಾಗಿಲೊಳಗೆ ಒಂದು ಒರಟು ಹಳ್ಳ ಉಳಿಯಿತು.

"ನೀರು ಬೇಕಾ?" ಅಂದಳು ಅಮ್ಮ.

"ಬೇಕು."

ಅವಳು ಚಪ್ಪಲಿ ಬಿಟ್ಟಳು. ಒಂದು ಕೈಯಲ್ಲಿ ಹಣ್ಣಿನ ಚೀಲ, ಒಂದು ಕೈ ಮಗನ ಭುಜದ ಮೇಲೆ. ಹಳ್ಳಕ್ಕೆ ಕಾಲಿಟ್ಟು ಆಚೆ ದಾಟಿದಳು. ಆಮೇಲೆ ಭುಜ ಬಿಟ್ಟಳು.

ಅವನು ಉಳಿ ಕೈಯಲ್ಲಿ ಹಿಡಿದು ನೋಡುತ್ತಾ ಕೂತ. ಅವಳು ಮೊದಲು ತನ್ನ ಮನೆಯಲ್ಲಿ ನಡೆಯುವ ಹಾಗೇ ನಡೆದಳು, ಹಳ್ಳ ಹುಡುಕುವ ಕಾಲಲ್ಲಿ, ಗೋಡೆ ಹುಡುಕುವ ಕೈಯಲ್ಲಿ. ಸೋಫಾ ದಾಟಿದಳು. ಕಿಟಕಿಯ ಬಿಸಿಲು ಬಿದ್ದ ಕಡೆ ನಿಂತಳು. ಒಂದು ಕಾಲನ್ನು ಮುಂದಕ್ಕೆ ಜಾರಿಸಿ ನೋಡಿದಳು, ಸಂದಿನ ಮೇಲೆ, ಹಿಂದೆ ಮುಂದೆ. ಮತ್ತೆ ಹೊರಟಾಗ ಕೈ ಗೋಡೆಯನ್ನು ಹುಡುಕಲಿಲ್ಲ. ಬಿಳಿ ಎಳೆಯನ್ನು ಹಿಡಿದು, ಅದರ ಗುಂಟವೇ, ಅಡುಗೆಮನೆಯವರೆಗೂ ಹೋದಳು.

ವಾಪಸ್ ಬಂದಾಗ ಚೊಂಬಿನಲ್ಲಿ ಅರ್ಧ ನೀರು.

"ಇಷ್ಟೇನಾ?" ಅಂದ.

"ತುಂಬಿಸಿದರೆ ಚೆಲ್ಲುತ್ತೆ. ಇನ್ನೊಂದ್ಸಲ ತರ್ತೀನಿ."

ಅಂಟು ಕಲಸೋಕೆ ಅಷ್ಟು ನೀರು ಧಾರಾಳವಾಗಿ ಸಾಕಾಗಿತ್ತು. ಅವನು ಅದನ್ನು ಹಳ್ಳಕ್ಕೆ ಸುರಿದು ಬಟ್ಟೆಯಲ್ಲಿ ಒರೆಸಿ, "ತಗೊಂಡು ಬಾ" ಅಂದ. ಅವಳು ಭುಜ ಹಿಡಿದು ದಾಟಿ ಹೋದಳು. ಈ ಸಲ ಕಿಟಕಿಯ ಆಚೆ ಕಡೆಯಿಂದ ಸುತ್ತಿ. ಅದನ್ನೂ ಅವನು ಟೈಲ್ಸಿನ ಬೆನ್ನು ತೊಳೆಯೋಕೆ ಖರ್ಚು ಮಾಡಿದ. ಮತ್ತೆ ಹೋದಳು. ಹಳೆಯ ಅಂಟು ನೆನೆಯಬೇಕು ಅಂದ, ಮತ್ತೆ ಹೋದಳು. ಕೈ ತೊಳೀಬೇಕು ಅಂದ. ಬಕೆಟ್ಟು ತೊಳೀಬೇಕು ಅಂದ. ಪ್ರತಿ ಸಲವೂ ಅವಳು ಬೇರೆ ದಾರಿ ಹಿಡಿದಳು, ನಡುಮನೆಯ ಒಂದು ಮೂಲೆಯನ್ನೂ ಬಿಡಲಿಲ್ಲ. ಪ್ರತಿ ಸಲವೂ ಅವನ ಭುಜದ ಮೇಲೆ ಅವಳ ಕೈ ಸ್ವಲ್ಪ ಹಗುರಾಗುತ್ತಾ ಬಂತು. ಒಮ್ಮೆ ಖಾಲಿ ಚೊಂಬು ಹಿಡಿದೇ ವಾಪಸ್ ಬಂದಳು. ಇಬ್ಬರೂ ಅದನ್ನು ನೋಡಿದರು.

"ನೀರು ಎಲ್ಲಮ್ಮ?"

"ಅಯ್ಯೋ, ಮರೆತೆ ನೋಡು," ಅಂದು ಮತ್ತೆ ಹೋದಳು.

ಜಗತ್ತಿನಲ್ಲಿ ಒಂದು ಟೈಲ್ಸಿಗೆ ಯಾವ ಕೆಲಸದವನೂ ಅಷ್ಟು ನೀರು ಖರ್ಚು ಮಾಡಿರಲಾರ.

ಒಳಕೋಣೆಯ ಮಾತು ಮುಗಿಯುವ ಹಾಗೆ ಕೇಳಿಸಿತು. ಇನ್ನು ಎಳೆಯುವಂತಿರಲಿಲ್ಲ. ಅಮ್ಮನನ್ನು ಕೈಹಿಡಿದು ಜಗಲಿಗೆ ದಾಟಿಸಿಕೊಂಡ. ಅಂಟು ಕಲಸಿದ. ಈ ಸಲ ನಾಲ್ಕು ಮೂಲೆಯನ್ನೂ ಬೆರಳಿಂದ ಮುಟ್ಟಿ ಮುಟ್ಟಿ ತುಂಬಿಸಿ, ಟೈಲ್ಸನ್ನು ಇಳಿಸಿ, ಸುತ್ತಿಗೆಗೆ ಬಟ್ಟೆ ಸುತ್ತಿ ತಟ್ಟಿದ. ಗುಳ್ಳೆಯ ಪಟ್ಟಿ ತಂದಿರಲಿಲ್ಲ. ಕೆನ್ನೆಯನ್ನು ನೆಲಕ್ಕಿಟ್ಟು, ಒಂದು ಕಣ್ಣು ಮುಚ್ಚಿ ನೋಡಿದ. ಬಿಳಿ ಎಳೆ ಬಾಗಿಲಿಂದ ಹೊರಟು ಒಳಗೆ ಹೋಗುತ್ತಿತ್ತು.

ಮನೆಯಮ್ಮ ಬಂದರು. ಕೈಯಲ್ಲಿ ಹಣ್ಣಿನ ಚೀಲ ಇತ್ತು.

"ಇದು ನಿಮ್ಮದಲ್ವಾ? ಕಟ್ಟೆ ಮೇಲೆ ಮರೆತುಬಿಟ್ಟಿದ್ದೀರಿ."

"ಮರೆತಿದ್ದಲ್ಲ ಅಮ್ಮ," ಅಂದಳು ಅಮ್ಮ. "ಮನೆಗೆ ಅಂತ ತಂದಿದ್ದು."

ಮನೆಯಮ್ಮ ಚೀಲದೊಳಗೆ ನೋಡಿದರು. ಅಮ್ಮನ ಬಾಚಿದ ತಲೆ ನೋಡಿದರು, ಮಡಿಕೆಯ ಗೆರೆ ಇನ್ನೂ ಹೋಗದ ಬಟ್ಟೆ ನೋಡಿದರು. ಆಮೇಲೆ ಇವನ ಬಿಳಿ ಶರ್ಟು, ಅದರ ಮುಂಭಾಗಕ್ಕೆಲ್ಲ ಮೆತ್ತಿದ ಸಿಮೆಂಟು.

"ಇವರು..."

"ನಮ್ಮಮ್ಮ," ಅಂದ ರಸಮಟ್ಟ. ಬೆಳಿಗ್ಗೆಯಿಂದ ಗಂಟಲಲ್ಲಿದ್ದ ಗುಂಪಿನಲ್ಲಿ ಹೊರಗೆ ಬಂದದ್ದು ಅದೊಂದೇ.

ಅವರ ಮುಖದಲ್ಲಿ ನೆನಪು ಮರಳಿ ಬರುವುದನ್ನು ಅವನು ನೋಡಿದ. ನೋಡಿ ಸಂತೋಷಪಡಬೇಕು ಅಂತ ಕಾದಿದ್ದವನಿಗೆ ಸಂತೋಷ ಆಗಲಿಲ್ಲ.

"ಅಯ್ಯೋ ದೇವರೇ. ನಾನೇ ಬನ್ನಿ ಅಂದಿದ್ದೆ. ನಾನೇ ಅಂದಿದ್ದೆ ಅಲ್ವಾ? ಬನ್ನಿ, ಬನ್ನಿ ಒಳಗೆ, ಕೂತ್ಕೊಳ್ಳಿ." ಹಣ್ಣಿನ ಚೀಲ ಕೆಳಗಿಟ್ಟು, ಓಡಿಹೋಗಿ ತಾವೇ ಒಂದು ಕುರ್ಚಿ ಎತ್ತಿಕೊಂಡು ಬಂದರು.

"ಅಮ್ಮಾ, ಕಾಲಿಡಬೇಡಿ!" ಅಂತ ಅವನು ಕೂಗಿದ.

ಅವರು ನಿಂತರು. ಬಾಗಿಲ ಉದ್ದಗಲಕ್ಕೂ ಹಸಿ ಟೈಲ್ಸು ಮಲಗಿತ್ತು. ಅದರ ಆಚೆ ಅವರು, ಎದೆಗೆ ಕುರ್ಚಿ ಅವಚಿಕೊಂಡು. ಈಚೆ ಇವರಿಬ್ಬರು.

"ನಾಳೆವರೆಗೂ ಯಾರೂ ಮೆಟ್ಟೋ ಹಾಗಿಲ್ಲ. ಮೆಟ್ಟಿದರೆ ಮತ್ತೆ ಟೊಳ್ಳಾಗುತ್ತೆ."

ಅಮ್ಮನ ಮಂಡಿಗೆ ಅದು ದಾಟುವ ಅಗಲವಲ್ಲ.

"ಹಿಂದಿನ ಬಾಗಿಲಿಂದ..." ಅಂತ ಶುರುಮಾಡಿದವರು, ತಾವೇ ಕರೆದ ಹೆಂಗಸಿನ ಮುಖ ನೋಡಿ, ಅದು ಕೆಲಸದವರು ಬರುವ ಬಾಗಿಲೆಂದು ನೆನಪಾಗಿ, ಅರ್ಧಕ್ಕೇ ನುಂಗಿಕೊಂಡರು. ಕುರ್ಚಿಯನ್ನು ಕೆಳಗಿಡಲೂ ಅವರಿಗೆ ತೋಚಲಿಲ್ಲ.

"ಇರಲಿ ಬಿಡಿ ಅಮ್ಮ," ಅಂದಳು ಅಮ್ಮ. "ಇನ್ನೊಂದ್ಸಲ ಬರ್ತೀವಿ."

"ಖಂಡಿತ ಬರಬೇಕು," ಅಂದರು ಅವರು.

ಸ್ಕೂಟರ್ ದೊಡ್ಡ ರಸ್ತೆಗೆ ಬರುವವರೆಗೂ ಅವನು ಹಲ್ಲು ಕಚ್ಚಿಕೊಂಡೇ ಇದ್ದ. ಸಿಗ್ನಲ್ಲಿನಲ್ಲಿ ನಿಂತಾಗ ತಡೆಯೋಕಾಗಲಿಲ್ಲ.

"ಮುಂದಿನ ವಾರ ಊರಲ್ಲೇ ಇರಲ್ಲ ನೀನು. ಇನ್ನೊಂದ್ಸಲ ಬರ್ತೀವಂತೆ, ಇನ್ನೊಂದ್ಸಲ! ನಿನ್ನನ್ನ ಏನು ಅಂದ್ಕೊಂಡ್ರು ಗೊತ್ತಾ ಅವರು?"

"ನೀರು ತರೋಳು ಅಂತ. ತಂದೆನಲ್ಲ."

"ನಗಬೇಡ ಅಮ್ಮ."

ಅವಳು ನಗು ನಿಲ್ಲಿಸಿದಳು. ಅವನ ಮೊಣಕೈಗೆ ಅಂಟಿ ಒಣಗಿದ್ದ ಸಿಮೆಂಟನ್ನು ಉಗುರಿನಿಂದ ಕೆರೆಯತೊಡಗಿದಳು.

"ಎಲ್ಲೂ ಕಾಲು ತಡೆಯಲಿಲ್ಲ ಕಣೋ," ಅಂದಳು. "ಒಂದು ಕಡೆಯೂ ಇಲ್ಲ."

ಕೆಂಪು ದೀಪ ಹಾಗೇ ಇತ್ತು. ಅವಳು ತನಗೇ ಹೇಳಿಕೊಳ್ಳುವ ಹಾಗೆ ಮೆಲ್ಲಗೆ ಅಂದಳು.

"ಒಂದು ಗಳಿಗೆ ಕೂರಬೇಕಿತ್ತು ಅಲ್ಲಿ."

ಅವನು ತಿರುಗಿ ನೋಡಿದ. "ಎಲ್ಲಿ ಕೂರ್ತಿದ್ದೆ?"

"ಆ ಕಿಟಕಿ ಹತ್ತಿರ, ಬಿಸಿಲು ಬಿದ್ದಿತ್ತಲ್ಲ, ಅಲ್ಲಿ."

"ಅವರು ಕುರ್ಚಿ ತಂದ್ರಲ್ಲ."

"ಕುರ್ಚಿ ಯಾಕೋ? ನೆಲದ ಮೇಲೇ ಕೂರ್ತಿದ್ದೆ. ನೀನು ಹಾಕಿದ್ದು ನೆಲ ತಾನೆ?"

ದೀಪ ಹಸಿರಾಯಿತು. ಹಿಂದಿನ ಗಾಡಿಯವರೆಲ್ಲ ಒಟ್ಟಿಗೆ ಹಾರ್ನ್ ಒತ್ತಿದರು. "ಲೋ, ತಡೀರೋ, ಮುಳುಗಿಹೋಗೋದೇನಿದೆ!" ಅಂತ ಬೀದಿಗೆಲ್ಲ ಕೇಳಿಸುವ ಹಾಗೆ ಕೂಗಿದ ರಸಮಟ್ಟ. ಆದರೆ ಸ್ಕೂಟರನ್ನು ಮಾತ್ರ ಬಲು ನಿಧಾನಕ್ಕೆ, ಒಂದು ಹಳ್ಳಕ್ಕೂ ಇಳಿಸದೆ, ಮನೆಯ ಕಡೆ ತಿರುಗಿಸಿದ.